ಓದಿದ ವಾಕ್ಯಕ್ಕೆ ಬಣ್ಣದ ಅಂಚು

ಬೈಬಲಿನ ಪುಟದ ಮೇಲೆ ಪೆನ್ಸಿಲ್ ಆಡಿಸುವುದೆಂದರೆ ನಮ್ಮ ಕಡೆಯ ಹಿರಿಯರಿಗೆ ಈಗಲೂ ಸರಿಬರುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕೆಥೊಲಿಕ್ ಮನೆಗಳಲ್ಲಿ ಪವಿತ್ರ ಗ್ರಂಥಕ್ಕೆ ಜಾಗ ಸಿಗುವುದು ದೇವರ ಪೀಠದ ಪಕ್ಕ, ಮೇಣದ ಬತ್ತಿ ಮತ್ತು ಜಪಮಾಲೆಯ ನೆರೆಯಲ್ಲಿ. ತೆಗೆದು ಓದುತ್ತಾರೆ, ಮುತ್ತಿಟ್ಟು ಹಿಂದಕ್ಕೆ ಇಡುತ್ತಾರೆ, ಅದರಲ್ಲಿ ಗೀಚುವುದಿಲ್ಲ. ಪ್ರೊಟೆಸ್ಟೆಂಟ್ ಮನೆಗಳ ರೂಢಿ ತುಸು ಬೇರೆ. ಅಜ್ಜ ಓದುತ್ತಿದ್ದ ‘ಸತ್ಯವೇದ’ವನ್ನು ಬಿಡಿಸಿದರೆ ಕೆಂಪು ಪೆನ್ಸಿಲಿನ ಅಡಿಗೆರೆ, ಅಂಚಿನಲ್ಲಿ ಒಂದು ತಾರೀಕು, ಯಾರದೋ ಮದುವೆ, ಇನ್ಯಾರದೋ ಮರಣ ಕಾಣುವುದುಂಟು. ಅಡಿಗೆರೆ ಎಳೆದವರು ಓದುತ್ತ ಓದುತ್ತ ಅಲ್ಲಿ ನಿಂತಿದ್ದರು ಎನ್ನುವುದಕ್ಕೆ ಅದೊಂದೇ ಗುರುತು.

ಈಚಿನ ವರ್ಷಗಳಲ್ಲಿ ಆ ಗುರುತಿಗೆ ಬಣ್ಣ ಬಂದಿದೆ. ‘ಬೈಬಲ್ ಜರ್ನಲಿಂಗ್’ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಹಬ್ಬಿದ ಅಭ್ಯಾಸ ಮೊಬೈಲಿನ ಮೂಲಕ ನಮ್ಮ ಹುಡುಗ ಹುಡುಗಿಯರಿಗೂ ತಲುಪಿದೆ. ಅಗಲ ಅಂಚಿನ ಬೈಬಲ್, ಅದರಲ್ಲಿ ಜಲವರ್ಣದ ಹೂಗಳು, ಅಂಕುಡೊಂಕು ಅಕ್ಷರದಲ್ಲಿ ‘ಹೋಪ್’, ‘ಗ್ರೇಸ್’. ಚಂದವೇ. ಆದರೆ ಬೆಳ್ತಂಗಡಿಯಲ್ಲಿ ಕೂತು ಕ್ಯಾಲಿಫೋರ್ನಿಯಾದ ಸ್ಟಿಕ್ಕರ್ ತರಿಸಿ ಅಂಟಿಸುವುದರಲ್ಲಿ ಧ್ಯಾನ ಎಷ್ಟು, ಶಾಪಿಂಗ್ ಎಷ್ಟು ಎಂದು ಕೇಳಿಕೊಳ್ಳಬೇಕಾಗುತ್ತದೆ. ಈ ಕೆಲಸದಲ್ಲಿ ಚಿತ್ರಕ್ಕೆ ಎರಡನೆಯ ಸ್ಥಾನ. ಒಂದು ವಾಕ್ಯದ ಎದುರು ಅರ್ಧ ಗಂಟೆ ಕೂರಲು ಕೈಗೆ ಒಂದು ನೆಪ ಬೇಕು, ಚಿತ್ರ ಆ ನೆಪ. ಈ ಲೇಖನದಲ್ಲಿ ಹೇಳುವ ಕಾಗದ, ಬಣ್ಣ, ವಿಧಾನ ಎಲ್ಲವೂ ಇದನ್ನು ಹಿಡಿದೇ ಇವೆ.

ಗೀಚಬಹುದೇ ಎಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡೋಣ. ಇಗರ್ಜಿಯ ವಾಚನಪೀಠದ ಗ್ರಂಥ, ಮನೆಯ ಪೀಠದಲ್ಲಿರುವ ಗ್ರಂಥ, ಅಜ್ಜಿಯಿಂದ ಬಂದ ಗ್ರಂಥ, ಇವುಗಳನ್ನು ಮುಟ್ಟಬೇಡಿ. ನಿಮ್ಮದೇ ಇನ್ನೊಂದು ಪ್ರತಿ ಕೊಳ್ಳಿ, ಅಥವಾ ಬೇರೆ ಪುಸ್ತಕದಲ್ಲಿ ಮಾಡಿ. ಮನೆಯಲ್ಲಿ ಒಬ್ಬರಿಗೆ ಇದು ಮನಸ್ಸಿಗೆ ಬಾರದಿದ್ದರೂ ಬೇರೆ ಪುಸ್ತಕವೇ ಸರಿ. ಪ್ರಾರ್ಥನೆಯ ಹೆಸರಿನಲ್ಲಿ ಮನೆಯಲ್ಲಿ ಜಗಳ ಎಬ್ಬಿಸುವುದು ಯಾವ ಶುಭಸಂದೇಶದಲ್ಲೂ ಇಲ್ಲ.

ಊರಿನ ಹಳೆಯ ಮಾದರಿ

ಧರ್ಮಗ್ರಂಥಕ್ಕೆ ಚಿತ್ರ ಬರೆಯುವ ಕೆಲಸ ಈ ಸೀಮೆಗೆ ಹೊಸತಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳಿಂದ ಕಾಪಾಡಿಕೊಂಡು ಬಂದಿರುವ ಧವಲಾ, ಜಯಧವಲಾ, ಮಹಾಧವಲಾ ತಾಳೆಗರಿಗಳು ಜೈನರ ಸಿದ್ಧಾಂತ ಪರಂಪರೆಯ ಮುಖ್ಯ ಗ್ರಂಥಗಳು. ಭಾಷೆ ಮುಖ್ಯವಾಗಿ ಪ್ರಾಕೃತ, ಲಿಪಿ ಹಳಗನ್ನಡದ್ದು. ಹೊಯ್ಸಳರ ಕಾಲದ, ಹೆಚ್ಚುಕಡಿಮೆ 12ನೇ ಶತಮಾನದ ಈ ಗರಿಗಳಲ್ಲಿ ಕೆಲವಕ್ಕೆ ಬಣ್ಣದ ಚಿತ್ರಗಳಿವೆ: ತೀರ್ಥಂಕರರು, ಯಕ್ಷಿಯರು, ಕೈಮುಗಿದ ಭಕ್ತರು, ಬಳ್ಳಿಯ ಅಲಂಕಾರ. ದಕ್ಷಿಣ ಭಾರತದಲ್ಲಿ ಇಷ್ಟು ಹಳೆಯ ಸಚಿತ್ರ ಗರಿಗಳು ತೀರಾ ಅಪರೂಪ. ಕಲಾ ಇತಿಹಾಸಕಾರ ಸಿ. ಶಿವರಾಮಮೂರ್ತಿ ದಕ್ಷಿಣ ಭಾರತದ ಚಿತ್ರಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ ಹೊಯ್ಸಳ ಚಿತ್ರಕಲೆಯ ಮಾತು ಬಂದಾಗ ನೆಚ್ಚಿಕೊಂಡದ್ದು ಈ ಮೂಡುಬಿದಿರೆ ಗರಿಗಳನ್ನೇ.

ಇನ್ನೊಂದು ಧರ್ಮದವರ ಪೂಜ್ಯ ಗ್ರಂಥ ಅದು. ಅಲ್ಲಿಯ ಯಕ್ಷಿಯನ್ನು ತಂದು ನಮ್ಮ ಪುಟದಲ್ಲಿ ಕೂರಿಸಬೇಕೆಂದು ಹೇಳುತ್ತಿಲ್ಲ. ಕಲಿಯಬೇಕಾದದ್ದು ಅಲ್ಲಿಯ ಅಳತೆ. ಗರಿಯ ಅಗಲ ಕೆಲವೇ ಬೆರಳು. ಅಷ್ಟರಲ್ಲಿ ಸಾಲುಗಳೂ ಇರಬೇಕು, ಚಿತ್ರವೂ ಬೇಕು. ಬರೆದವರು ಅಕ್ಷರಕ್ಕೆ ಅದರ ಜಾಗ ಬಿಟ್ಟರು, ಚಿತ್ರಕ್ಕೆ ಚೌಕಟ್ಟು ಹಾಕಿದರು, ಒಂದರ ಮೇಲೆ ಒಂದು ಏರಿಸಲಿಲ್ಲ. ಹಾಗಾಗಿ ಗರಿ ಈಗಲೂ ಓದಲು ಸಿಗುತ್ತದೆ. ಇಂದಿನ ಬೈಬಲ್ ಜರ್ನಲಿಂಗ್ ಪುಟಗಳಲ್ಲಿ ಅಕ್ಷರದ ಮೇಲೆಯೇ ದಪ್ಪ ಬಣ್ಣ ಬಳಿದು ಅಧ್ಯಾಯವನ್ನೇ ಮುಳುಗಿಸುವ ಪದ್ಧತಿ ಇದೆ. ಅದು ನನಗೆ ಒಪ್ಪಿಗೆಯಿಲ್ಲ. ಮುಂದಿನ ವರ್ಷ ಅದೇ ಪುಟ ತೆರೆದಾಗ ವಾಕ್ಯ ಓದಲು ಬರಬೇಕು.

ಕ್ರೈಸ್ತರಲ್ಲೂ ಈ ಪರಂಪರೆ ಉದ್ದದ್ದು. ಕ್ರಿ.ಶ. 800ರ ಆಸುಪಾಸಿನ ಐರಿಶ್ ‘ಬುಕ್ ಆಫ್ ಕೆಲ್ಸ್’ನಲ್ಲಿ ಒಂದೊಂದು ಆರಂಭಾಕ್ಷರ ಇಡೀ ಪುಟವನ್ನೇ ಆವರಿಸಿದೆ. ನಮ್ಮ ಕಾಲದಲ್ಲೇ ಅಮೆರಿಕದ ಮಿನೆಸೋಟದ ಸೇಂಟ್ ಜಾನ್ಸ್ ಬೆನೆಡಿಕ್ಟೈನ್ ಮಠ 1998ರಲ್ಲಿ ಡೊನಾಲ್ಡ್ ಜಾಕ್ಸನ್ ಎಂಬ ಅಕ್ಷರಕಲಾವಿದರಿಗೆ ಇಡೀ ಬೈಬಲನ್ನು ಕೈಯಲ್ಲಿ ಬರೆಯುವ ಕೆಲಸ ಒಪ್ಪಿಸಿತು. ಕರುವಿನ ಚರ್ಮದ ಹಾಳೆ, ಹಕ್ಕಿಗರಿಯ ಲೇಖನಿ, ಚಿನ್ನದ ರೇಕು. ಕೊನೆಯ ಅಕ್ಷರ ಬಿದ್ದದ್ದು 2011ರಲ್ಲಿ. ಮೊಬೈಲ್ ಕೈಯಲ್ಲಿರುವ ಕಾಲದಲ್ಲಿ ಒಂದು ಗ್ರಂಥಕ್ಕೆ ಅಷ್ಟು ವರ್ಷ ಕೊಟ್ಟವರೂ ಇದ್ದಾರೆ ಎನ್ನುವುದು ನೆನಪಿರಲಿ.

ನಮ್ಮ ಕರಾವಳಿಯಲ್ಲಿ ಬೈಬಲ್ ಕೈಗೆ ಬಂದದ್ದು ಅಚ್ಚಿನ ರೂಪದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಮುದ್ರಣಾಲಯ ಹೂಡಿತು. ತುಳುವಿನ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಓದುಗರ ಕೈ ಸೇರಿದ್ದು ಆ ಕಾಲದಲ್ಲಿ. ಚಿತ್ರ ಬಂದದ್ದು ಗೋಡೆಯ ಮೇಲೆ. ಇಟಲಿಯ ಜೆಸ್ವಿತ್ ಸಹೋದರ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಮಾಡುಗಳನ್ನು ಚಿತ್ರದಿಂದ ತುಂಬಿದರು. ಬಿ.ಸಿ. ರೋಡಿನಿಂದ ಬಸ್ಸು ಹಿಡಿದರೆ ಒಂದು ಗಂಟೆಯ ದಾರಿ. ಹೋದವರು ದೊಡ್ಡ ಚಿತ್ರಗಳನ್ನಷ್ಟೇ ನೋಡಿ ಬರಬೇಡಿ. ಕಮಾನಿನ ಸುತ್ತ ಅವರು ಬರೆದ ಹೂ, ಹಣ್ಣಿನ ಅಂಚುಗಳ ಮುಂದೆ ಪೆನ್ಸಿಲ್ ಹಿಡಿದು ನಿಲ್ಲಿ. ಪುಟದ ಅಂಚಿಗೆ ಬೇಕಾದ ಪಾಠ ಅಲ್ಲಿದೆ. ಫೋಟೊ ತೆಗೆಯುವ ನಿಯಮವನ್ನು ಮಾತ್ರ ಬಾಗಿಲಲ್ಲೇ ವಿಚಾರಿಸಿಕೊಳ್ಳಿ.

ಓದು ಮೊದಲು, ಬಣ್ಣ ಆಮೇಲೆ

ಕ್ರೈಸ್ತ ಮಠಗಳಲ್ಲಿ ‘ಲೆಕ್ಸಿಯೊ ದಿವಿನಾ’ ಎಂಬ ಧ್ಯಾನದ ಓದು ಇದೆ. 12ನೇ ಶತಮಾನದ ಕಾರ್ತೂಸಿಯನ್ ಸನ್ಯಾಸಿ ಎರಡನೇ ಗೀಗೊ ಅದನ್ನು ನಾಲ್ಕು ಮೆಟ್ಟಿಲ ಏಣಿಯೆಂದು ಬರೆದಿಟ್ಟರು: ಓದು, ಮನನ, ಪ್ರಾರ್ಥನೆ, ಮೌನದ ದರ್ಶನ. ಚಿತ್ರದ ಕೆಲಸವನ್ನು ಈ ಏಣಿಯ ಎರಡನೇ ಮೆಟ್ಟಿಲಲ್ಲಿ ಇಟ್ಟರೆ ಸರಿಹೋಗುತ್ತದೆ.

ಹಾಗಾದರೆ ಕೂರುವುದು ಹೇಗೆ? ಸಣ್ಣ ಭಾಗ ಆರಿಸಿ. ಹತ್ತು ವಾಕ್ಯ ದಾಟಬಾರದು. ಆ ಭಾನುವಾರದ ಬಲಿಪೂಜೆಯ ಶುಭಸಂದೇಶವೇ ಆದರೆ ಆಯ್ಕೆಯ ತಲೆನೋವೂ ತಪ್ಪುತ್ತದೆ. ಮೊದಲು ಗಟ್ಟಿಯಾಗಿ ಓದಿ. ಯಾವ ಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತೀರೋ ಆ ಭಾಷೆಯಲ್ಲೇ ಓದಿ. ಈ ಮೂರು ತಾಲೂಕಿನಲ್ಲಿ ಅದು ಕೊಂಕಣಿ ಇರಬಹುದು, ತುಳು ಇರಬಹುದು, ಕನ್ನಡ ಇರಬಹುದು. ಬೆಳ್ತಂಗಡಿಯಲ್ಲಿ 1999ರಲ್ಲಿ ಸೀರೋ ಮಲಬಾರ್ ಧರ್ಮಪ್ರಾಂತ ಆಗುವ ಎಷ್ಟೋ ಮೊದಲೇ ಕೇರಳದಿಂದ ಬಂದು ತೋಟ ಮಾಡಿದ ಮನೆಗಳಲ್ಲಿ ಮಲಯಾಳ ಇರಬಹುದು. ಎರಡನೇ ಸಲ ಮೆಲ್ಲಗೆ, ತುಟಿಯಲ್ಲೇ ಓದಿ. ಎಲ್ಲಿ ನಾಲಿಗೆ ತಡವರಿಸಿತೋ, ಎಲ್ಲಿ ಮನಸ್ಸು ಚುಚ್ಚಿತೋ ಆ ಮಾತಿನ ಅಡಿಗೆ ಪೆನ್ಸಿಲಿನ ತೆಳು ಗೆರೆ ಎಳೆಯಿರಿ. ಇಷ್ಟವಾದದ್ದೇ ಆಗಬೇಕಿಲ್ಲ. ಕಿರಿಕಿರಿ ಮಾಡಿದ ಮಾತಿನಲ್ಲಿ ಹೆಚ್ಚು ಸರಕು ಇರುತ್ತದೆ.

ಆಮೇಲೆ ಕೆಲವು ನಿಮಿಷ ಸುಮ್ಮನೆ ಕೂರಬೇಕು. ಎಲ್ಲರೂ ಹಾರಿಬಿಡುವ ಹಂತ ಇದು. ಬಣ್ಣದ ಡಬ್ಬಿ ಎದುರಿಗಿದ್ದರೆ ಕೈ ತಡೆಯುವುದಿಲ್ಲ, ಹಾಗಾಗಿ ಡಬ್ಬಿ ಬೇರೆ ಕೋಣೆಯಲ್ಲಿರಲಿ. ಮನಸ್ಸಿನಲ್ಲಿ ಏನು ಕಂಡಿತು? ವ್ಯಕ್ತಿಯೇ, ವಸ್ತುವೇ, ಬರೀ ಒಂದು ಬಣ್ಣವೇ? ಕಂಡದ್ದರಲ್ಲಿ ಒಂದನ್ನು ಮಾತ್ರ ಬರೆಯಿರಿ. ಎಮ್ಮಾವುಸ್ ದಾರಿಯ ಕಥೆ ಓದಿ ದಾರಿ, ಇಬ್ಬರು ಶಿಷ್ಯರು, ಯೇಸು, ಮನೆ, ರೊಟ್ಟಿ, ಸೂರ್ಯಾಸ್ತ ಎಲ್ಲವನ್ನೂ ತುರುಕಿದರೆ ಅದು ಶಾಲೆಯ ಚಾರ್ಟ್. ಮುರಿದ ರೊಟ್ಟಿಯ ಒಂದು ತುಂಡು ಸಾಕು.

ಚಿತ್ರ ಬರುವುದಿಲ್ಲ ಎನ್ನುವವರಿಗೆ ಒಂದು ಉಪಾಯ. ಗೀಟು ಎಳೆಯಲು ಬಂದರೆ ಸಾಕು. ಆರಿಸಿಕೊಂಡ ವಾಕ್ಯವನ್ನು ಸ್ವಂತ ಅಕ್ಷರದಲ್ಲಿ ನಿಧಾನವಾಗಿ ಬರೆದು, ಸುತ್ತ ಒಂದೇ ಆಕಾರವನ್ನು, ಎಲೆಯೋ ಚುಕ್ಕಿಯೋ ಅಲೆಯೋ, ಸಾಲಾಗಿ ತುಂಬುತ್ತ ಹೋಗಿ. ಒಂದೊಂದು ಎಲೆಗೆ ಒಂದೊಂದು ಸಲ ಆ ಮಾತನ್ನು ಒಳಗೇ ಹೇಳಿಕೊಳ್ಳಿ. ಜಪಮಾಲೆ ಎಣಿಸಿ ಅಭ್ಯಾಸವಿರುವವರಿಗೆ ಇದನ್ನು ಕಲಿಸಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಪುಟದ ಮೂಲೆಯಲ್ಲಿ ತಾರೀಕು, ಒಂದು ಸಾಲಿನ ಪ್ರಾರ್ಥನೆ. ಫೋಟೊ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವ ಆಸೆ ಬರುತ್ತದೆ, ಒಂದು ದಿನ ತಡೆದು ಹಾಕಿ. ನಾಲ್ಕು ಜನ ನೋಡುತ್ತಾರೆಂದು ಗೊತ್ತಾದ ಕ್ಷಣವೇ ಕೈ ಬೇರೆ ರೀತಿ ಓಡುತ್ತದೆ.

ಕಾಗದ, ಬಣ್ಣ, ಮಳೆಗಾಲ

ಬೈಬಲಿನ ಕಾಗದ ಬಲು ತೆಳು. ಸಾಮಾನ್ಯವಾಗಿ ಚದರ ಮೀಟರಿಗೆ 30ರಿಂದ 40 ಗ್ರಾಂ ತೂಗುತ್ತದೆ. ಜೆರಾಕ್ಸ್ ಕಾಗದ 75ರಿಂದ 80 ಗ್ರಾಂ, ಒಳ್ಳೆಯ ಜಲವರ್ಣದ ಹಾಳೆ 300. ಈ ಲೆಕ್ಕ ಗೊತ್ತಿದ್ದರೆ ಅರ್ಧ ತಪ್ಪುಗಳು ಆಗುವುದೇ ಇಲ್ಲ. ಬೈಬಲಿನೊಳಗೆ ನೀರಿನ ಬಣ್ಣ ಹಾಕಿದರೆ ಕಾಗದ ಸುಕ್ಕುಗಟ್ಟುತ್ತದೆ. ಸ್ಪಿರಿಟ್ ಇರುವ ಮಾರ್ಕರ್ ಹಾಕಿದರೆ ಯೆಶಾಯನಲ್ಲಿ ಬರೆದದ್ದು ಎರೆಮೀಯನವರೆಗೂ ಇಳಿಯುತ್ತದೆ. ಜೆಲ್ ಪೆನ್ ಒರೆಸಿಕೊಂಡು ಎದುರು ಪುಟಕ್ಕೆ ಅಂಟುತ್ತದೆ. ಮೇಣದ ಕ್ರೆಯಾನ್ ಬೇಸಿಗೆಯ ಸೆಕೆಗೆ ಮೆತ್ತಗಾಗಿ ಪುಟಗಳನ್ನು ಅಂಟಿಸುತ್ತದೆ.

ಉಳಿಯುವುದು ಬಣ್ಣದ ಪೆನ್ಸಿಲ್ ಮತ್ತು ಪಿಗ್ಮೆಂಟ್ ಇಂಕಿನ ಸಪೂರ ಪೆನ್. ಕ್ಯಾಮ್ಲಿನ್, ಡೋಮ್ಸ್, ಫೇಬರ್ ಕ್ಯಾಸ್ಟೆಲ್ ಪೆನ್ಸಿಲ್ ಪೆಟ್ಟಿಗೆಗಳು ತಾಲೂಕು ಕೇಂದ್ರದ ಯಾವ ಸ್ಟೇಷನರಿ ಅಂಗಡಿಯಲ್ಲೂ ಇರುತ್ತವೆ. ಪಿಗ್ಮೆಂಟ್ ಪೆನ್ನಿಗೆ ಮಾತ್ರ ಮಂಗಳೂರಿಗೆ ಹೋಗಬೇಕಾದೀತು ಇಲ್ಲವೇ ಆನ್‌ಲೈನಿನಲ್ಲಿ ತರಿಸಬೇಕಾದೀತು, 0.1 ಅಥವಾ 0.3 ಮಿ.ಮೀ. ಮೊನೆ ಸಾಕು. ಪುಟದ ಅಡಿಗೆ ಒಂದು ಗಟ್ಟಿ ಪ್ಲಾಸ್ಟಿಕ್ ಹಾಳೆ ಇಡಿ, ಇಲ್ಲದಿದ್ದರೆ ಪೆನ್ಸಿಲ್ ಒತ್ತಿದ ಗುರುತು ಹಿಂದಿನ ನಾಲ್ಕು ಪುಟಕ್ಕೆ ಮೂಡುತ್ತದೆ. ಕೊನೆಯಲ್ಲಿರುವ ಖಾಲಿ ಹಾಳೆಯಲ್ಲಿ ಪೆನ್ನು, ಬಣ್ಣ ಎಲ್ಲವನ್ನೂ ಒಮ್ಮೆ ಗೀಚಿ, ಮರುದಿನ ಹಿಂಬದಿ ನೋಡಿ ಆಮೇಲೆ ಶುರು ಮಾಡಿ. ಪುಟಕ್ಕೆ ಗೆಸ್ಸೊ ಎಂಬ ಬಿಳಿ ಲೇಪ ಬಳಿದು ಗಟ್ಟಿ ಮಾಡಿಕೊಳ್ಳುವ ವಿಧಾನ ವಿಡಿಯೊಗಳಲ್ಲಿ ಬರುತ್ತದೆ. ಒಣಹವೆಯ ಊರಿಗೆ ಅದು ಸರಿ. ನಮ್ಮಲ್ಲಿ ಗೆಸ್ಸೊ ಬಳಿದ ಎರಡು ಪುಟಗಳು ಆಷಾಢದಲ್ಲಿ ಒಂದಕ್ಕೊಂದು ಹಿಡಿದುಕೊಂಡರೆ ಬಿಡಿಸುವುದು ಕಷ್ಟ. ಬಳಿಯಲೇಬೇಕೆಂದರೆ ನಡುವೆ ಬಟರ್ ಪೇಪರ್ ಇಡಿ.

ನನ್ನ ಸಲಹೆ ಕೇಳಿದರೆ, ಶುರುವಿನಲ್ಲಿ ಬೈಬಲಿನೊಳಗೆ ಬರೆಯಲೇ ಬೇಡಿ. 150 ಗ್ರಾಮಿನ ಒಂದು ಡ್ರಾಯಿಂಗ್ ಪುಸ್ತಕ, ಬಣ್ಣದ ಪೆನ್ಸಿಲ್, ಒಂದು ಪೆನ್. ಎಲ್ಲ ಸೇರಿ ಐನೂರು ರೂಪಾಯಿಯ ಒಳಗೆ ಮುಗಿಯುತ್ತದೆ. ಎಡಪುಟದಲ್ಲಿ ವಾಕ್ಯ, ಬಲಪುಟದಲ್ಲಿ ಚಿತ್ರ. ಕಣ್ಣು ಮಂಜಾದ ಹಿರಿಯರೂ ಹೀಗಾದರೆ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಬಹುದು. ಬೈಬಲಿನೊಳಗೇ ಇರಬೇಕೆಂಬ ಆಸೆ ಇದ್ದರೆ ಚಿತ್ರವನ್ನು ಟ್ರೇಸಿಂಗ್ ಕಾಗದದ ಮೇಲೆ ಬರೆದು ಒಳಅಂಚಿಗೆ ಸಪೂರ ಪಟ್ಟಿ ಅಂಟಿಸಿ ಸೇರಿಸಿ. ತಿರುಗಿಸಿದರೆ ಅಡಿಯ ಪುಟ ಹಾಗೇ ಓದಲು ಸಿಗುತ್ತದೆ, ನಾಳೆ ಬೇಡವೆಂದರೆ ತೆಗೆದೂ ಬಿಡಬಹುದು. ಹತ್ತು ಹಾಳೆ ದಾಟಿದರೆ ಬೈಬಲಿನ ಬೆನ್ನು ಉಬ್ಬಿ ಹೊಲಿಗೆ ಸಡಿಲವಾಗುತ್ತದೆ, ಅಲ್ಲಿಗೆ ನಿಲ್ಲಿಸಿ.

ಮಳೆಗಾಲವನ್ನು ಮರೆತು ಬರೆದ ಕಲಾ ಸಲಹೆ ನಮ್ಮೂರಿಗೆ ಹೊಂದುವುದಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಬುಡದ ಮನೆಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಪುಸ್ತಕ ಬಿಟ್ಟೀತೇ? ಈ ನಾಲ್ಕು ತಿಂಗಳು ಒಣ ಬಣ್ಣದಲ್ಲೇ ಕೆಲಸ ಮಾಡಿ, ಜಲವರ್ಣ ನವೆಂಬರ್ ನಂತರಕ್ಕಿರಲಿ. ಮೈದಾ ಅಂಟು ಬೇಡ, ಬೆಳ್ಳಿಹುಳ ಮತ್ತು ಜಿರಲೆಗೆ ಅದು ಊಟ. ಆ್ಯಸಿಡ್ ಇಲ್ಲದ ಅಂಟಿನ ಕಡ್ಡಿ ಬಳಸಿ. ಪುಸ್ತಕವನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಮುರಕಲ್ಲಿನ ಗೋಡೆ ಮಳೆಯಲ್ಲಿ ನೀರು ಹೀರಿಕೊಂಡು ಒಳಗಿನವರೆಗೂ ತಣ್ಣಗಿರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಮಾತ್ರೆ ಡಬ್ಬಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಪೊಟ್ಟಣ ಎಸೆಯದೆ ಕೂಡಿಟ್ಟರೂ ಆಗುತ್ತದೆ. ತಾಳೆಗರಿಗೆ ಹಿಂದಿನಿಂದ ಮಜ್ಜಿಗೆ ಹುಲ್ಲಿನ ಎಣ್ಣೆ ಸವರುವ ರೂಢಿಯಿದೆ. ಅದನ್ನು ಕೇಳಿ ಕಾಗದಕ್ಕೂ ಎಣ್ಣೆ ಹಚ್ಚಲು ಹೋಗಬೇಡಿ. ಗರಿಯ ಗುಣ ಬೇರೆ, ಕಾಗದ ಎಣ್ಣೆ ಕುಡಿದು ಕಲೆಯಾಗುತ್ತದೆ.

ಕನ್ನಡ ಅಕ್ಷರದ ಅಂದ

ಇಂಗ್ಲಿಷ್ ಮಾದರಿ ನೋಡಿ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯಲು ಹೊರಟವರಿಗೆ ಕನ್ನಡದಲ್ಲಿ ಮೂರು ತೊಡಕು ಎದುರಾಗುತ್ತವೆ. ನಮ್ಮ ಅಕ್ಷರಕ್ಕೆ ಅಡಿಯಲ್ಲಿ ಒತ್ತು ಜೋತುಬೀಳುತ್ತದೆ, ಮೇಲೆ ಗುಡಿಸು ಏರುತ್ತದೆ, ಪಕ್ಕದಲ್ಲಿ ದೀರ್ಘ ಚಾಚುತ್ತದೆ. ‘ಜ್ಯೋತಿ’ಯ ಜ್ಯೋ ದೊಡ್ಡದು ಮಾಡಿದರೆ ಯ ಒತ್ತು ಕೆಳಗಿನ ಸಾಲಿಗೆ ಬಡಿಯುತ್ತದೆ. ಹಾಗಾಗಿ ದೊಡ್ಡ ಅಕ್ಷರದ ಕೆಳಗೆ ಪೂರ್ತಿ ಒಂದು ಸಾಲು ಬಿಡಿ, ಬಲಕ್ಕೂ ಅಷ್ಟೇ ಜಾಗ ಕೊಡಿ. ಪೆನ್ಸಿಲಿನಲ್ಲಿ ಮೂರು ಗೆರೆ ಎಳೆದುಕೊಳ್ಳಿ: ತಲೆಕಟ್ಟಿಗೊಂದು, ಅಕ್ಷರದ ಪಾದಕ್ಕೊಂದು, ಒತ್ತು ಇಳಿಯುವ ಆಳಕ್ಕೊಂದು. ಚಪ್ಪಟೆ ನಿಬ್ ಇದ್ದರೆ ಒಂದೇ ಓರೆಯಲ್ಲಿ ಹಿಡಿದು ಸುತ್ತಿಸಿ. ದಪ್ಪ ತೆಳು ತಾನಾಗಿ ಬರುತ್ತದೆ.

ಕನ್ನಡಕ್ಕೆ ಒಂದು ಅನುಕೂಲವೂ ಇದೆ. ಅಕ್ಷರಗಳೆಲ್ಲ ಗುಂಡಗೆ, ಹೊಟ್ಟೆಯೊಳಗೆ ಜಾಗ ಬೇಕಾದಷ್ಟು. ‘ಠ’ ಅಥವಾ ‘ಥ’ದ ಹೊಟ್ಟೆಯಲ್ಲಿ ಒಂದು ಸಣ್ಣ ಚಿತ್ರ ಕೂರುತ್ತದೆ, ತಲೆಕಟ್ಟಿನ ಬಾಲವನ್ನು ಚಿಗುರಾಗಿ ಬೆಳೆಸಬಹುದು. ಮಂಗಳೂರಿನ ಕೊಂಕಣಿಯನ್ನೂ ತುಳುವನ್ನೂ ಇದೇ ಲಿಪಿಯಲ್ಲಿ ಬರೆಯುವ ಕಾರಣ ಒಮ್ಮೆ ಕಲಿತ ಕೈ ಮೂರು ಭಾಷೆಗೂ ಆಗುತ್ತದೆ.

ಬಣ್ಣದ ಗೊಂದಲಕ್ಕೆ ಧರ್ಮಸಭೆಯ ಕ್ಯಾಲೆಂಡರೇ ಪರಿಹಾರ. ಆಗಮನಕಾಲ, ತಪಸ್ಸುಕಾಲಕ್ಕೆ ನೇರಳೆ. ಕ್ರಿಸ್ಮಸ್, ಈಸ್ಟರಿಗೆ ಬಿಳಿ ಮತ್ತು ಹೊನ್ನು. ಪೆಂತೆಕೋಸ್ತ್ ಮತ್ತು ರಕ್ತಸಾಕ್ಷಿಗಳ ಹಬ್ಬಕ್ಕೆ ಕೆಂಪು, ಉಳಿದ ಸಾಧಾರಣ ಕಾಲಕ್ಕೆ ಹಸಿರು. ಒಂದು ಕಾಲಕ್ಕೆ ಒಂದು ಮುಖ್ಯ ಬಣ್ಣ, ಜೊತೆಗೆ ಕಪ್ಪು ಗೆರೆ, ಅಷ್ಟಕ್ಕೇ ಕಟ್ಟಿಹಾಕಿಕೊಂಡರೆ ಪುಟ ಗಂಭೀರವಾಗಿ ಕಾಣುತ್ತದೆ. ವರ್ಷದ ಕೊನೆಗೆ ಪುಸ್ತಕದ ಬದಿ ನೋಡಿದರೆ ಯಾವ ಕಾಲ ಎಲ್ಲಿ ಶುರುವಾಯಿತೆಂದು ಬಣ್ಣದಲ್ಲೇ ಗೊತ್ತಾಗುತ್ತದೆ.

ಏನು ಬರೆಯುವುದು?

ಈ ಸೀಮೆಯವರಿಗೆ ಇರುವ ನಿಜವಾದ ಸಂಪತ್ತು ಇಲ್ಲಿದೆ. ಬೈಬಲ್ ಬೇಸಾಯಗಾರರ ಪುಸ್ತಕ. ನಮ್ಮದು ಇನ್ನೂ ಬೇಸಾಯ ಮರೆಯದ ಊರು.

ಬಿತ್ತುವವನ ಸಾಮತಿಯನ್ನು ತೆಗೆದುಕೊಳ್ಳಿ, ಮಾರ್ಕನ 4ನೇ ಅಧ್ಯಾಯ. ಚಿತ್ರಪುಸ್ತಕಗಳಲ್ಲಿ ಗೋಧಿ ಹೊಲ, ಬಿಳಿ ನಿಲುವಂಗಿ ಇರುತ್ತದೆ. ನೀವು ನೋಡಿರುವುದನ್ನು ಬರೆಯಿರಿ. ದಾರಿಯ ಬದಿ ಎಂದರೆ ನಾವು ನಡೆದು ನಡೆದು ಗಟ್ಟಿಯಾದ ಕಟ್ಟಪುಣಿ. ಅಲ್ಲಿ ಬಿದ್ದ ಬೀಜಕ್ಕೆ ಕಾಗೆ, ಗಿಳಿ ಕಾದಿರುತ್ತವೆ. ಕಲ್ಲುನೆಲಕ್ಕೆ ಮೂಡುಬಿದಿರೆ ಸುತ್ತಲ ಪದವುಗಳಿಗಿಂತ ಒಳ್ಳೆಯ ಮಾದರಿ ಯಾವುದು? ಮುರಕಲ್ಲಿನ ಮೇಲೆ ಒಂದು ಬೆರಳು ಮಣ್ಣು. ಜೂನಿನ ಮೊದಲ ಮಳೆಗೆ ಎಲ್ಲಕ್ಕಿಂತ ಮುಂಚೆ ಹಸಿರಾಗುವುದು ಅದೇ, ಮಳೆ ನಿಂತ ಕೂಡಲೇ ಹಳದಿಯಾಗಿ ಸುಟ್ಟುಹೋಗುವುದೂ ಅದೇ. ಬೇರು ಇಳಿಯಲು ಆಳ ಇಲ್ಲ ಎನ್ನುವುದನ್ನು ಯೇಸು ಹೇಳಿದ್ದು ಇಂಥ ನೆಲ ನೋಡಿಯೇ. ಮುಳ್ಳಿನ ಜಾಗಕ್ಕೆ ನಾಚಿಕೆಮುಳ್ಳು, ಒಳ್ಳೆಯ ನೆಲಕ್ಕೆ ಬೈಲುಗದ್ದೆ. ಒಂದು ಪುಟವನ್ನು ನಾಲ್ಕು ಅಡ್ಡಪಟ್ಟಿ ಮಾಡಿ: ಮೊದಲ ಪಟ್ಟಿ ಬೂದು, ಎರಡನೆಯದು ಮುರಕಲ್ಲಿನ ಕೆಂಪು, ಮೂರನೆಯದು ಒಣಹಸಿರು, ನಾಲ್ಕನೆಯದು ಗದ್ದೆಯ ಕಪ್ಪುಕಂದು. ಬೇರುಗಳನ್ನು ಮಾತ್ರ ಕಪ್ಪು ಪೆನ್ನಿನಲ್ಲಿ, ಒಂದೊಂದು ಪಟ್ಟಿಯಲ್ಲಿ ಎಷ್ಟು ಆಳ ಇಳಿಯುತ್ತದೋ ಅಷ್ಟೇ ಎಳೆಯಿರಿ. ಮುಖ ಬರೆಯಲು ಬಾರದವರೂ ಇದನ್ನು ಬರೆಯಬಲ್ಲರು. ಎಳೆಯುವಾಗ ನಾನು ಯಾವ ಪಟ್ಟಿ ಎಂಬ ಪ್ರಶ್ನೆ ಬಾರದೆ ಇರುವುದಿಲ್ಲ. ಧ್ಯಾನ ಅಲ್ಲಿಂದ ಶುರು.

ಯೊವಾನ್ನನ 15ನೇ ಅಧ್ಯಾಯದ ದ್ರಾಕ್ಷಾಬಳ್ಳಿಗೆ ಏನು ಮಾಡುವುದು? ಅಡಿಕೆ ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ ಥಟ್ಟನೆ ನೆನಪಾಗುತ್ತದೆ. ಗಂಟುಗಂಟಿನಲ್ಲಿ ಬೇರು ಬಿಟ್ಟು ಮರವನ್ನು ಅಪ್ಪಿದ ಬಳ್ಳಿ ಬರೆಯಲು ಚಂದವೂ ಹೌದು. ಸೊರಗು ರೋಗ ಬಂದಾಗ ಬುಡದಿಂದ ತುದಿಯವರೆಗೆ ಎಲೆ ಬಾಡುವುದನ್ನು ಕಂಡವರಿಗೆ ಬೇರ್ಪಟ್ಟ ಕೊಂಬೆಯ ಮಾತು ವಿವರಿಸಬೇಕಿಲ್ಲ. ಆದರೆ ಅದೇ ಅಧ್ಯಾಯದಲ್ಲಿ ಕೊಂಬೆ ಸವರುವ ಮಾತಿದೆ. ಅದಕ್ಕೆ ಮಲ್ಲಿಗೆ ಗಿಡವೇ ಸರಿ. ಅಂಗಳದಲ್ಲಿ ಮಲ್ಲಿಗೆ ಕೃಷಿ ಮಾಡುವ ಮನೆಗಳಲ್ಲಿ ಕತ್ತರಿ ಹಾಕಿದ ಮೇಲೆ ಗಿಡ ಬರೀ ಕಡ್ಡಿಯಾಗಿ ನಿಲ್ಲುತ್ತದೆ, ನೋಡಿದವರು ಅಯ್ಯೋ ಅನ್ನುತ್ತಾರೆ, ಆಮೇಲೆ ಮೊಗ್ಗು ಬರುವುದು ಆ ಕಡ್ಡಿಯ ಹೊಸ ಚಿಗುರಿನಲ್ಲೇ.

ಹೀಗೆ ಊರಿನ ರೂಪ ಕೊಡುವುದು ಸರಿಯೇ ಎಂದು ಅಳುಕುವವರು ಇದ್ದಾರೆ. ಗೋವಾದ ಆಂಜೆಲೊ ದ ಫೊನ್ಸೆಕ (1902–1967) ಶಾಂತಿನಿಕೇತನದಲ್ಲಿ ಕಲಿತು ಮರಿಯಮ್ಮನಿಗೆ ಸೀರೆ ಉಡಿಸಿ ಚಿತ್ರಿಸಿದಾಗ ಅವರ ಊರಿನವರೇ ಮುನಿದಿದ್ದರು. ಇಂದು ಭಾರತೀಯ ಕ್ರೈಸ್ತ ಕಲೆಯ ಮಾತು ಅವರ ಹೆಸರಿಲ್ಲದೆ ಶುರುವಾಗುವುದಿಲ್ಲ. ಬೆಂಗಳೂರಿನಲ್ಲಿ 1967ರಲ್ಲಿ ಹುಟ್ಟಿದ, ಬೈಬಲ್, ಧರ್ಮಶಿಕ್ಷಣ, ಆರಾಧನಾ ವಿಧಿಗಳ ರಾಷ್ಟ್ರೀಯ ಕೆಥೊಲಿಕ್ ಕೇಂದ್ರವಾದ ಎನ್‌ಬಿಸಿಎಲ್‌ಸಿ ಇದೇ ದಾರಿಯಲ್ಲಿ ನಡೆಯಿತು. ಸಿಲ್ವೆಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ ಬೈಬಲಿನ ವಸ್ತುವನ್ನು ಈ ನೆಲದ ಮರ, ನೀರು, ಜನಪದದ ರೂಪಗಳಲ್ಲಿ ಹುಡುಕಿದರು. ಇವರ ಚಿತ್ರಗಳನ್ನು ನೋಡಿ, ನಕಲು ಮಾಡಬೇಡಿ. ಎಲ್ಲವನ್ನೂ ಬದಲಿಸಲೂ ಬೇಡಿ. 23ನೇ ಕೀರ್ತನೆಯ ಕುರಿಯನ್ನು ನಮ್ಮೂರಲ್ಲಿ ಕುರಿ ಇಲ್ಲವೆಂದು ದನ ಮಾಡಿದರೆ ಲೂಕನ 15ನೇ ಅಧ್ಯಾಯದ ಕಳೆದುಹೋದ ಕುರಿ, ಯೊವಾನ್ನನ ಒಳ್ಳೆಯ ಕುರುಬ, ದೇವರ ಕುರಿಮರಿ ಎಲ್ಲದರ ಎಳೆ ತುಂಡಾಗುತ್ತದೆ. ಗಿಡಮರ, ನೆಲ, ನೀರು, ಹತ್ಯಾರು ಬದಲಿಸಿ. ಇಡೀ ಗ್ರಂಥದಲ್ಲಿ ಹರಿದು ಬರುವ ಸಂಕೇತ ಹಾಗೇ ಇರಲಿ. ಕೀರ್ತನೆಗಳ ಸಂಖ್ಯೆಯಲ್ಲೂ ಒಂದು ಎಚ್ಚರ ಬೇಕು. ಹಳೆಯ ಲತೀನ್ ಕ್ರಮ ಹಿಡಿದ ಪ್ರಾರ್ಥನಾ ಪುಸ್ತಕಗಳಲ್ಲಿ 23ನೆಯದು 22 ಎಂದಿರುತ್ತದೆ.

46ನೇ ಕೀರ್ತನೆಯನ್ನು ಈ ಸೀಮೆಯವರು ತುಸು ಎದೆಗಟ್ಟಿ ಮಾಡಿಯೇ ಓದಬೇಕು. ಅಲ್ಲಿ ಬೆಟ್ಟ ಅಲುಗುತ್ತದೆ, ನೀರು ಮೊರೆಯುತ್ತದೆ. 1974ರ ನೇತ್ರಾವತಿ ನೆರೆಯನ್ನು ಬಂಟ್ವಾಳ ಪೇಟೆಯ ಹಿರಿಯರು ಇನ್ನೂ ಹೇಳುತ್ತಾರೆ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಸುತ್ತಮುತ್ತ ಗುಡ್ಡ ಜರಿದು ಹೊಳೆ ತೋಟಕ್ಕೆ ನುಗ್ಗಿದ್ದನ್ನು ಬೆಳ್ತಂಗಡಿಯವರು ಮರೆತಿಲ್ಲ. ಮನೆ, ತೋಟ ಕಳೆದುಕೊಂಡವರ ಎದುರು ಕೂತು ಈ ಕೀರ್ತನೆಗೆ ಚಂದದ ಅಲೆ ಬರೆಯುವುದು ನಯವಲ್ಲ. ಪುಟವನ್ನು ಖಾಲಿ ಬಿಟ್ಟು ತಾರೀಕು ಮಾತ್ರ ಹಾಕಿದರೂ ಅದು ಪ್ರಾರ್ಥನೆಯೇ.

ಹಬ್ಬ ಹಿಡಿದು ಹೊರಟರೆ ಮೊಂತಿ ಹಬ್ಬ ಒಳ್ಳೆಯ ಆರಂಭ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬಾಲ ಮರಿಯಮ್ಮನಿಗೆ ಹೂ ಒಯ್ಯುತ್ತಾರೆ, ಸೆಪ್ಟೆಂಬರ್ 8ಕ್ಕೆ ತೆನೆಯ ಆಶೀರ್ವಾದ. ದಿನಕ್ಕೊಂದು ಹೂ ಒಯ್ಯುವ ಮೊದಲು ಪುಟದಲ್ಲಿ ಅದನ್ನೇ ನೋಡಿ ಬರೆಯಿರಿ: ದಾಸವಾಳ, ಗೌರಿಹೂ, ಗೊರಟೆ, ಬೇಲಿಯಲ್ಲಿ ಸಿಕ್ಕಿದ್ದು. ಹಬ್ಬದ ದಿನ ರೂತಳ ಪುಸ್ತಕದ 2ನೇ ಅಧ್ಯಾಯ ಓದಿ, ಮನೆಗೆ ತಂದ ತೆನೆಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಕಾಳು ಎಳೆಯಿರಿ. ಹೂವನ್ನೇ ಒತ್ತಿ ಪುಟದಲ್ಲಿ ಅಂಟಿಸುವ ಆಸೆ ಬೇಡ. ಸೆಪ್ಟೆಂಬರಿನ ತೇವಕ್ಕೆ ಅದು ಕೊಳೆತು ಕಲೆ ಬಿಡುತ್ತದೆ.

ಜೊತೆಯಲ್ಲಿ ಕೂರುವುದಾದರೆ

ಚರ್ಚಿನ ವಾಳೆಯ (ವಾರ್ಡಿನ) ಕೂಟದಲ್ಲಿ, ಕೆಥೊಲಿಕ್ ಯುವಜನರ ಐಸಿವೈಎಂ ಅಥವಾ ವಿದ್ಯಾರ್ಥಿಗಳ ವೈಸಿಎಸ್ ಘಟಕದಲ್ಲಿ, ಭಾನುವಾರದ ಕ್ರೈಸ್ತ ಶಿಕ್ಷಣದಲ್ಲಿ ಇದನ್ನು ಮಾಡಬಹುದು. ಸ್ಪರ್ಧೆ ಮಾತ್ರ ಇಡಬೇಡಿ ಎಂದು ಗುರಿಕಾರರಿಗೆ, ಟೀಚರುಗಳಿಗೆ ಕೈಮುಗಿದು ಹೇಳುತ್ತೇನೆ. ಪ್ರಥಮ, ದ್ವಿತೀಯ ಬಹುಮಾನ ಬಂದ ಕೂಡಲೇ ಚೆನ್ನಾಗಿ ಚಿತ್ರ ಬರೆಯುವ ಮೂವರು ಉಳಿಯುತ್ತಾರೆ, ಮಿಕ್ಕವರು ಹಿಂದಿನ ಬೆಂಚಿಗೆ. ಒಂದೇ ವಾಕ್ಯವನ್ನು ಎಲ್ಲರಿಗೂ ಕೊಡಿ, ಅರ್ಧ ಗಂಟೆ ಮಾತಿಲ್ಲದೆ ಬರೆಯಲಿ. ಆಮೇಲೆ ಪುಟಗಳನ್ನು ಮೇಜಿನ ಮೇಲೆ ಹರಡಿ, ಬೇಕಾದವರು ಒಂದು ಮಾತು ಹೇಳಲಿ, ಬೇಡದವರು ಸುಮ್ಮನಿರಲಿ. ಪೋಪ್ ಫ್ರಾನ್ಸಿಸ್ 2019ರಲ್ಲಿ ಸಾಧಾರಣ ಕಾಲದ ಮೂರನೇ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಗೊತ್ತುಮಾಡಿದರು. ಅದು ಜನವರಿಯಲ್ಲಿ ಬರುತ್ತದೆ, ಒಣಹವೆ, ಜಲವರ್ಣಕ್ಕೂ ಅಡ್ಡಿಯಿಲ್ಲ. ಚರ್ಚಿನ ಹಾಲ್‌ನಲ್ಲಿ ಇಂಥ ಒಂದು ಮಧ್ಯಾಹ್ನ ನಡೆಸಲು ಆ ದಿನ ಅನುಕೂಲ.

ಚಿಕ್ಕ ಮಕ್ಕಳಿಗೆ ಕ್ರಿಸ್ಮಸ್ ಗೋದಲಿ ಕಟ್ಟುವ ಕೆಲಸದ ಜೊತೆಗೇ ಇದನ್ನು ಜೋಡಿಸಬಹುದು. ಡಿಸೆಂಬರಿನಲ್ಲಿ ಗೋದಲಿಯ ಹುಲ್ಲಿಗೆಂದು ತಟ್ಟೆಯಲ್ಲಿ ಭತ್ತವೋ ರಾಗಿಯೋ ಮೊಳಕೆ ಹಾಕುತ್ತೇವಲ್ಲ, ಮೊಳಕೆ ದಿನಕ್ಕೆ ಎಷ್ಟು ಏರಿತೆಂದು ಪುಟದ ಅಂಚಿನಲ್ಲಿ ಬರೆಯುತ್ತ, ಅಂದಂದಿನ ಆಗಮನಕಾಲದ ವಾಚನದಿಂದ ಒಂದು ಪದ ಆರಿಸಿ ಪಕ್ಕಕ್ಕೆ ಇಡಲಿ. ಅಳತೆ ಅವರ ಕೈಯಲ್ಲೇ ಇರಲಿ. ಅಪ್ಪ ಅಮ್ಮ ಗೆರೆ ತಿದ್ದಲು ಹೋಗಬಾರದು.

ಹಳೆಯ ಅಚ್ಚಿನ ಬೈಬಲುಗಳನ್ನು, ಬಾಸೆಲ್ ಮಿಷನ್ ಕಾಲದ ಅಕ್ಷರ ಜೋಡಣೆಯನ್ನು ನೋಡುವ ಆಸಕ್ತಿ ಇದ್ದರೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೆ ಮೊದಲೇ ತಿಳಿಸಿ ಹೋಗಿ. ಮೂಡುಬಿದಿರೆಯಲ್ಲಿ ರಮಾರಾಣಿ ಜೈನ ಶೋಧ ಸಂಸ್ಥಾನದಲ್ಲಿ ತಾಳೆಗರಿಗಳ ಸಂಗ್ರಹವಿದೆ. ಬಸದಿಯ ಗರಿಗಳ ದರ್ಶನಕ್ಕೆ ಅಲ್ಲಿಯ ನಿಯಮ ಕೇಳಿ, ಅದರಂತೆ ನಡೆಯಿರಿ. ಎರಡೂ ಕಡೆ ಪೆನ್ ಹೊರಗಿಟ್ಟು ಪೆನ್ಸಿಲ್ ಮಾತ್ರ ಒಯ್ಯಿರಿ.

ಕೊನೆಗೆ ಹಾಳಾದ ಪುಟಗಳ ವಿಷಯ. ಬಣ್ಣ ಹರಡಿ, ಗೆದ್ದಲು ತಿಂದು, ನೀರು ಬಿದ್ದು ಉಪಯೋಗಕ್ಕೆ ಬಾರದಂತಾದ ಬೈಬಲನ್ನೋ ಧ್ಯಾನದ ಪುಸ್ತಕವನ್ನೋ ಗುಜರಿಗೆ ಹಾಕಬೇಡಿ. ಪವಿತ್ರ ವಸ್ತುಗಳನ್ನು ಸುಡುವುದು ಇಲ್ಲವೇ ಹೂಳುವುದು ಕೆಥೊಲಿಕ್ ರೂಢಿ. ತೋಟದ ಮೂಲೆಯಲ್ಲಿ ನೀರು ನಿಲ್ಲದ ಕಡೆ ಮೊಣಕಾಲುದ್ದ ಗುಂಡಿ ತೋಡಿ ಹೂಳಿದರೆ ಸಾಕು. ಪ್ಲಾಸ್ಟಿಕ್ ರಟ್ಟು, ಸ್ಟೇಪಲ್ ಪಿನ್ನು, ಟೇಪುಗಳನ್ನು ಮೊದಲೇ ಕಿತ್ತು ಬೇರೆ ಇಡಿ.